ಗದಗ–ಹೊಟಗಿ ಹಳಿಯೂ ಹುನಗುಂದ–ಇಳಕಲ್ಲುಗಳ ಪಾಲೂ

(ಇಳಕಲ್ಲಿನಲ್ಲಿ ನೇಕಾರರು, ಗಿರಣಿ ಕೆಲಸಗಾರರು ಹಾಗೂ ಚಿಲ್ಲರೆ ವ್ಯಾಪಾರಸ್ಥರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರೇಲ್ವೆಯ ವಿಷಯವಾಗಿ ನಾಲ್ಕು ಮಾತು ಹೇಳಿರೆಂದು ನೀವು ಕರೆದಿದ್ದೀರಿ. ರೇಲ್ವೆಯೇ ಇಲ್ಲದ ಊರಿನಲ್ಲಿ ರೇಲ್ವೆಯ ಭಾಷಣವೇ ಎಂದು ಕೆಲವರು ನಗುತ್ತಿರಬಹುದು. ನಮ್ಮ ಅಭಿಪ್ರಾಯದಲ್ಲಿ ಈ ಮಾತು ಆಡಬೇಕಾದದ್ದು ಇಲ್ಲಿಯೇ. ಹೊಟ್ಟೆ ತುಂಬಿದವನ ಮುಂದೆ ರೊಟ್ಟಿಯ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಗದಗಿನಿಂದ ಬದಾಮಿ, ಬಾಗಲಕೋಟೆ, ವಿಜಾಪುರ ದಾಟಿ ಹೊಟಗಿಗೆ ಹೋಗುವ 284 ಕಿಲೋಮೀಟರಿನ ಹಳಿ ಹುನಗುಂದವನ್ನೂ ಇಳಕಲ್ಲನ್ನೂ ಮಗ್ಗುಲಿಗೆ ಬಿಟ್ಟು ಹೋಗಿ 140 ವರ್ಷಗಳಾದವು. ಬಿಟ್ಟುಹೋದವರ ಕಡೆಯಿಂದ ನೋಡಿದರೆ ಆ ಹಳಿಯ ನಿಜವಾದ ಸ್ವರೂಪ ಚೆನ್ನಾಗಿ ಕಾಣುತ್ತದೆ.

ನಾವು ಇಂದು ಹೇಳಬೇಕೆಂದಿರುವುದು ಇಷ್ಟೇ. ಊರಿಗೆ ರೇಲ್ವೆ ಬರಲೆಂದು ಕೇಳಿದರೆ ಸಾಲದು. ಗಾಡಿ ಎಲ್ಲಿ ನಿಲ್ಲಬೇಕು, ಯಾರ ಮಾಲನ್ನು ಒಯ್ಯಬೇಕು, ಎಷ್ಟು ದರ ತೆಗೆದುಕೊಳ್ಳಬೇಕು ಎಂಬ ಮೂರು ಮಾತುಗಳನ್ನು ಸೇರಿಸಿ ಕೇಳಬೇಕು. ಇವನ್ನು ಬಿಟ್ಟು ಬರಿಯ ಹಳಿ ಕೇಳಿದವರಿಗೆ ಬರಿಯ ಹಳಿಯೇ ಸಿಕ್ಕುತ್ತದೆ. ಗದಗ–ಹೊಟಗಿ ದಾರಿಯ ಇತಿಹಾಸವೇ ಇದಕ್ಕೆ ಸಾಕ್ಷಿ.

ಬರದ ಹೆಸರಿನಲ್ಲಿ ಹುಟ್ಟಿದ ಹಳಿ

1876ರಲ್ಲಿ ಮಳೆ ಕೈಕೊಟ್ಟಿತು. ಧಾತು ಸಂವತ್ಸರದ ಆ ಬರ 1878ರ ವರೆಗೂ ದಖ್ಖನವನ್ನು ಹಿಂಡಿತು. ಆಗ ನಮ್ಮ ಈ ಭಾಗ ಮುಂಬಯಿ ಇಲಾಖೆಯ ಕಲಾದಗಿ ಜಿಲ್ಲೆ. 1872ರ ಖಾನೇಶುಮಾರಿಯಲ್ಲಿ ಈ ಜಿಲ್ಲೆಯ ಜನಸಂಖ್ಯೆ 8,16,273. 1881ರಲ್ಲಿ ಎಣಿಸಿದಾಗ ಉಳಿದವರು 6,38,493. ಅಂದರೆ ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇಲ್ಲವಾದರು. ಕೆಲವರು ಸತ್ತರು, ಕೆಲವರು ಮನೆಗೆ ಬೀಗ ಹಾಕಿ ದೇಶಾಂತರ ಹೋದರು. ಬೀಗ ತೆಗೆಯಲು ಬಹಳ ಮಂದಿ ಮರಳಿ ಬರಲಿಲ್ಲ.

ದೇಶದಲ್ಲಿ ಆಗ ಕಾಳೇ ಇರಲಿಲ್ಲವೆಂದು ತಿಳಿಯಬೇಡಿರಿ. ಆ ವರ್ಷಗಳಲ್ಲಿಯೂ ಹಿಂದುಸ್ಥಾನದಿಂದ ಧಾನ್ಯ ಹಡಗು ಏರಿ ಹೊರದೇಶಕ್ಕೆ ಹೋಗುತ್ತಿತ್ತು. ಸೊಲ್ಲಾಪುರದ ವರೆಗೆ ಉಗಿಬಂಡಿಯೂ ಬಂದಿತ್ತು. ಅಲ್ಲಿಂದ ಈಚೆಗೆ ತರಬೇಕಾದದ್ದು ಎತ್ತಿನ ಗಾಡಿ. ಮೇವಿಲ್ಲದೆ ಎತ್ತುಗಳು ಸತ್ತುಹೋದ ಮೇಲೆ ಗಾಡಿ ಎಳೆಯುವವರು ಯಾರು? ತಂದ ಕಾಳಿನ ಬೆಲೆಯನ್ನು ಕೊಡಲು ಕೂಲಿಕಾರನ ಕೈಯಲ್ಲಿ ರೊಕ್ಕವಾದರೂ ಎಲ್ಲಿತ್ತು? ಸರಕಾರದ ಬರಗಾಮಗಾರಿಗೆ ಹೋದವರಿಗೆ ಸರ್ ರಿಚರ್ಡ್ ಟೆಂಪಲ್ ಸಾಹೇಬರು ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಚೂರು ಕಾಸು ಎಂದು ಕೂಲಿ ಕಡಿದರು. ಒಂದು ಪೌಂಡು ಎಂದರೆ ಅರ್ಧ ಕಿಲೋಕ್ಕೂ ಕಡಿಮೆ. ಅಷ್ಟನ್ನು ಉಂಡು ದಿನವೆಲ್ಲ ಕಲ್ಲು ಒಡೆಯಬೇಕು. 1877ರಲ್ಲಿ ಮುಂಬಯಿ ಇಲಾಖೆಯ ದಖ್ಖನ ಜಿಲ್ಲೆಗಳಲ್ಲಿ ಸಾವಿರಾರು ಜನ ಈ ಕೂಲಿ ಒಲ್ಲೆವೆಂದು ಕಾಮಗಾರಿ ಬಿಟ್ಟು ಎದ್ದುಬಂದರು. ಗಿರಣಿ ಕೆಲಸಗಾರರಾದ ನೀವು ಇದನ್ನು ನೆನಪಿಟ್ಟುಕೊಳ್ಳಬೇಕು. ಕಾರ್ಮಿಕ ಸಂಘಗಳು ಹುಟ್ಟುವ ಮೊದಲೇ, ಹಸಿದ ಹೊಟ್ಟೆಯವರು ಈ ನಾಡಿನಲ್ಲಿ ಮುಷ್ಕರ ಹೂಡಿದ್ದರು.

ಬರ ಮುಗಿದ ಮೇಲೆ ಸರಕಾರ ಒಂದು ಆಯೋಗ ನೇಮಿಸಿತು. 1880ರಲ್ಲಿ ಆ ಆಯೋಗ, ಬರದಿಂದ ರಕ್ಷಣೆಗೆಂದು ಕೂಡಲೇ 5,000 ಮೈಲು ಹೊಸ ರೇಲ್ವೆ ಬೇಕೆಂದು ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಎಂಬ ಕಂಪನಿ ನೆಲೆಗೊಂಡು, 1884ರಲ್ಲಿ ಹೊಟಗಿ–ಗದಗ ದಾರಿಯನ್ನು ಸಂಚಾರಕ್ಕೆ ತೆರೆಯಿತು. ಇದಕ್ಕೆ ಬರರಕ್ಷಣೆಯ ರೇಲ್ವೆ ಎಂದು ಹೆಸರು. ಕಂಪನಿ ಲಂಡನ್ನಿನದು, ಬಂಡವಾಳ ಅಲ್ಲಿಯ ಷೇರುದಾರರದು, ಆ ಬಂಡವಾಳಕ್ಕೆ ಬಡ್ಡಿಯ ಖಾತರಿ ಮಾತ್ರ ಹಿಂದುಸ್ಥಾನದ ಬೊಕ್ಕಸದ್ದು. ಲಾಭ ಬಂದರೆ ಷೇರುದಾರನಿಗೆ, ಕಡಿಮೆ ಬಿದ್ದರೆ ರೈತನ ಕಂದಾಯದಿಂದ ಭರ್ತಿ. ಎರಡೂ ಕಡೆ ಗೆಲ್ಲುವ ಇಂಥ ಜೂಜು ನಮ್ಮ ಸಂತೆಗಳಲ್ಲಿ ಆಡುವ ಯಾವ ಜೂಜುಗಾರನಿಗೂ ಗೊತ್ತಿಲ್ಲ.

ಹಳಿ ಬಂದಿತು. ಬರ ಬಿದ್ದಾಗ ಕಾಳು ತರುವ ಅನುಕೂಲ ಆದದ್ದು ನಿಜ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬರವಿಲ್ಲದ ವರ್ಷಗಳಲ್ಲಿ ಅದೇ ಹಳಿ ಈ ಎರೆಭೂಮಿಯ ಹತ್ತಿಯನ್ನು ಹೊರಗೆ ಒಯ್ದಿತು, ಗಿರಣಿಯ ಅಗ್ಗದ ಬಟ್ಟೆಯನ್ನು ಒಳಗೆ ತಂದಿತು. ನೇಕಾರರ ಮಕ್ಕಳು ಮಗ್ಗ ಬಿಟ್ಟು ಅದೇ ಗಾಡಿ ಹತ್ತಿ ಸೊಲ್ಲಾಪುರದ ಗಿರಣಿಗಳ ಬಾಗಿಲಿಗೆ ಹೋದರು. ಇಳಕಲ್ಲಿನ ಸೀರೆ ಉಳಿದದ್ದು ರೇಲ್ವೆಯ ಕೃಪೆಯಿಂದಲ್ಲ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸುವ ನಮ್ಮ ಕುಣಿಮಗ್ಗದವರ ಕೈಚಳಕ ಗಿರಣಿಗೆ ಸುಲಭವಾಗಿ ಬಾರದ್ದರಿಂದ ಉಳಿಯಿತು. ಚಿಕ್ಕಿ ದಡಿಯ, ಗೋಮಿ ದಡಿಯ ಸೀರೆಯೇ ಬೇಕೆಂದು ಹಟ ಹಿಡಿದ ಹೆಣ್ಣುಮಕ್ಕಳಿಂದ ಉಳಿಯಿತು.

ಗಾಡಿ ನಿಲ್ಲುವ ಊರು, ನಿಲ್ಲದ ಊರು

ಇನ್ನು ಮೊದಲನೆಯ ಮಾತು. ಗಾಡಿ ಎಲ್ಲಿ ನಿಲ್ಲುತ್ತದೆ?

ಕಲಾದಗಿಯ ಕಥೆಯನ್ನು ನೋಡಿರಿ. ರೇಲ್ವೆ ಬರುವ ಮುಂಚೆ ಅದು ಜಿಲ್ಲೆಯ ಮುಖ್ಯ ಊರು. ಕಲೆಕ್ಟರ ಕಚೇರಿ, ಕೋರ್ಟು ಎಲ್ಲ ಅಲ್ಲಿ. ಹಳಿ ಬಾಗಲಕೋಟೆ–ವಿಜಾಪುರಗಳ ಮೇಲೆ ಹಾಯ್ದುಹೋಯಿತು. 1885ರ ಹೊತ್ತಿಗೆ ಜಿಲ್ಲೆಯ ಕಚೇರಿಗಳು ವಿಜಾಪುರಕ್ಕೆ ಹೋದವು. ಕಲಾದಗಿ ಹಳ್ಳಿಯಾಗಿ ಉಳಿಯಿತು. ಪಾಳುಬಿದ್ದ ಗೋಡೆಗಳ ವಿಜಾಪುರಕ್ಕೆ ಮತ್ತೆ ಜೀವ ಬಂತು. ಸರಕಾರದ ಲೆಕ್ಕದಲ್ಲಿ ಊರಿನ ಯೋಗ್ಯತೆ ಹೆಚ್ಚುಕಡಿಮೆಯಾಗುವುದಕ್ಕೆ ಒಂದು ಹಳಿಯ ಗೆರೆ ಸಾಕಾಯಿತು.

ಹಳಿಯ ಮೇಲಿದ್ದ ಊರುಗಳಿಗಾದರೂ ಅದು ಪೂರ್ತಿ ದಕ್ಕಿತೇ? ಬದಾಮಿಯ ಸ್ಟೇಶನ್ನು ಊರಿನಿಂದ ಐದು ಕಿಲೋಮೀಟರು ದೂರ. ಎಷ್ಟೋ ವರ್ಷ ಟಾಂಗಾದವರು ಅದರಿಂದಲೇ ಹೊಟ್ಟೆ ಹೊರೆದರು. ಖಣಕ್ಕೆ ಹೆಸರಾದ ಗುಳೇದಗುಡ್ಡದ ಸ್ಟೇಶನ್ನಿನ ಹಲಗೆಯ ಮೇಲೆ ಬರೆದಿರುವುದು ‘ಗುಳೇದಗುಡ್ಡ ರೋಡ್’. ಹಾಗೆಯೇ ‘ಬಸವನ ಬಾಗೇವಾಡಿ ರೋಡ್’, ‘ಇಂಡಿ ರೋಡ್’. ರೇಲ್ವೆಯ ಭಾಷೆಯಲ್ಲಿ ‘ರೋಡ್’ ಎಂದರೆ ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಮಾತ್ರ ಇದೆ ಎಂದರ್ಥ. ಹುನಗುಂದ, ಇಳಕಲ್ಲುಗಳಿಗೆ ಈ ‘ರೋಡ್’ ಎಂಬ ಮರ್ಯಾದೆಯೂ ಸಿಕ್ಕಲಿಲ್ಲ.

ಇಳಕಲ್ಲಿನಿಂದ ಬಾಗಲಕೋಟೆಯ ಸ್ಟೇಶನ್ನಿಗೆ ಅರವತ್ತು ಕಿಲೋಮೀಟರಿನ ಆಸುಪಾಸು. ಇದರಿಂದ ಏನಾಗುತ್ತದೆಂಬುದನ್ನು ಲೆಕ್ಕ ಹಾಕೋಣ. ಸೀರೆಗೆ ಬೇಕಾದ ನೂಲು ಹೊರಗಿನಿಂದ ಬರಬೇಕು. ರೇಶಿಮೆ, ಕೃತಕ ರೇಶಿಮೆ, ಬಣ್ಣ, ಎಲ್ಲ ಹೊರಗಿನವು. ತಯಾರಾದ ಸೀರೆ ಹುಬ್ಬಳ್ಳಿ, ಬೆಂಗಳೂರು, ಸೊಲ್ಲಾಪುರ, ಪುಣೆಗಳ ಪೇಟೆಗೆ ಹೋಗಬೇಕು. ಬರುವಾಗಲೂ ಹೋಗುವಾಗಲೂ ಲಾರಿಯ ಬಾಡಿಗೆ, ಹುಂಡೇಕಾರಿಯವರ ದಸ್ತೂರಿ, ಏರಿಸಿಳಿಸುವ ಹಮಾಲಿ. ಈ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ? ಪೇಟೆಯಲ್ಲಿ ಸೀರೆಯ ಬೆಲೆಯನ್ನು ಇಳಕಲ್ಲಿನವರು ಕಟ್ಟುವುದಿಲ್ಲ. ಯಂತ್ರಮಗ್ಗದ ನಕಲು ಸೀರೆ ಪಕ್ಕದ ಅಂಗಡಿಯಲ್ಲಿ ಅರ್ಧ ಬೆಲೆಗೆ ನೇತಾಡುತ್ತಿರುವಾಗ ನಮ್ಮ ಸೀರೆಯ ಬೆಲೆಯನ್ನು ಏರಿಸುವಂತಿಲ್ಲ. ನೂಲು ಕೊಟ್ಟು ಸೀರೆ ಒಯ್ಯುವ ಸಾಹುಕಾರರು ತಮ್ಮ ಪಾಲನ್ನು ಬಿಡುವುದಿಲ್ಲ. ಕೊನೆಗೆ ಸವೆಯುವುದು ನೇಕಾರನ ಮಜೂರಿ, ಚಿಲ್ಲರೆ ವ್ಯಾಪಾರಿಯ ಗಿಟ್ಟುವಳಿ. ಹಳಿ ದೂರವಿದ್ದಷ್ಟೂ ಮಜೂರಿ ಗಿಡ್ಡ. ಈ ಮಾತನ್ನು ಮನೆಯಲ್ಲಿ ಹೆಂಗಸರಿಗೂ ಹೇಳಿರಿ. ಹಾಸು ಹೂಡುವವರು, ಕಂಡಿಕೆ ಸುತ್ತುವವರು ಅವರೇ. ಕಡಿಮೆಯಾದ ಮಜೂರಿಯಲ್ಲಿ ಅವರ ದುಡಿತವೂ ಸೇರಿದೆ.

ಹುನಗುಂದ–ಇಳಕಲ್ಲು ಸೀಮೆಯ ಕೆಂಪು ಗ್ರಾನೈಟಿನ ಮಾತೂ ಹಾಗೆಯೇ. ಪರದೇಶಕ್ಕೆ ಹೋಗುವ ಬಂಡೆಗಳು ಲಾರಿಯ ಮೇಲೆ ಬಂದರಿನ ದಾರಿ ಹಿಡಿಯುತ್ತವೆ. ರಸ್ತೆ ಕೆಡುವುದು ನಮ್ಮದು, ಧೂಳು ಕುಡಿಯುವುದು ನಮ್ಮ ಕೂಲಿಕಾರರು. ಕೂಡಲಸಂಗಮಕ್ಕೆ ಬರುವ ಭಕ್ತರು, ಐಹೊಳೆಯ ಗುಡಿಗಳನ್ನು ನೋಡಲು ಬರುವ ಜನ, ಇವರೂ ಹುನಗುಂದ ಸೀಮೆಗೆ ಬರಲು ದೂರದ ಸ್ಟೇಶನ್ನಿನಲ್ಲಿ ಇಳಿಯಬೇಕು.

ಹಳಿಯ ಅಗಲ

ಎರಡನೆಯದಾಗಿ, ಹಳಿ ಯಾರ ಮಾಲನ್ನು ಒಯ್ಯುತ್ತದೆ ಎಂಬ ಪ್ರಶ್ನೆ. ಇದಕ್ಕೂ ಹಳಿಯ ಅಗಲಕ್ಕೂ ಸಂಬಂಧವಿದೆ.

1871ರ ಹೊತ್ತಿಗೆ ಮುಂಬಯಿ–ಮದ್ರಾಸುಗಳನ್ನು ಕೂಡಿಸಿದ ದೊಡ್ಡ ದಾರಿ ಹೊಟಗಿಯ ಮೇಲೆ ಹೋಗುತ್ತದೆ. ಅದರ ಹಳಿಗಳ ನಡುವಿನ ಅಂತರ ಐದೂವರೆ ಅಡಿ. ಅದೇ ಹೊಟಗಿಯಿಂದ ನಮ್ಮ ಕಡೆಗೆ ತಿರುಗಿದ ಹಳಿಯ ಅಂತರ ಒಂದೇ ಮೀಟರು. ವೈಸರಾಯ್ ಲಾರ್ಡ್ ಮೇಯೋ ಅವರ ಕಾಲದಲ್ಲಿ ಖರ್ಚು ಉಳಿಸಲೆಂದು ಈ ಸಣ್ಣ ಹಳಿಯನ್ನು ಆರಿಸಿದರು. ಬಡ ಸೀಮೆಗೆ ಬಡ ಹಳಿ. ಪರಿಣಾಮವೇನು? ಬಾಗಲಕೋಟೆಯಲ್ಲಿ ತುಂಬಿದ ವ್ಯಾಗನ್ನು ಮುಂಬಯಿಗೆ ನೇರ ಹೋಗುವಂತಿಲ್ಲ. ಹೊಟಗಿಯಲ್ಲಿ ಪ್ರತಿಯೊಂದು ಚೀಲವನ್ನೂ ಅಂಡಿಗೆಯನ್ನೂ ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಹಮಾಲರ ಬೆನ್ನು ಬಾಗಿತು, ಚೀಲ ಹರಿದು ಮಾಲು ಸೋರಿತು, ದಿನಗಳು ಕಳೆದವು. ವ್ಯಾಪಾರಸ್ಥರು ಕ್ರಮೇಣ ಲಾರಿಯನ್ನು ಹಿಡಿದದ್ದಕ್ಕೆ ಇದೂ ಒಂದು ಕಾರಣ.

ಸ್ವಾತಂತ್ರ್ಯ ಬಂದಿತು. 1951ರಲ್ಲಿ ನಮ್ಮ ಈ ದಾರಿ ದಕ್ಷಿಣ ರೇಲ್ವೆಗೆ ಸೇರಿತು, 1966ರಲ್ಲಿ ದಕ್ಷಿಣ ಮಧ್ಯ ರೇಲ್ವೆ ಹುಟ್ಟಿತು, 2003ರಲ್ಲಿ ಹುಬ್ಬಳ್ಳಿಯಲ್ಲಿಯೇ ನೈಋತ್ಯ ರೇಲ್ವೆಯ ಮುಖ್ಯ ಕಚೇರಿಯಾಯಿತು. ಹಲಗೆಯ ಮೇಲಿನ ಹೆಸರು ಬದಲಾಗುತ್ತ ಹೋದರೂ ಹಳಿ ಬಹುಕಾಲ ಬದಲಾಗಲಿಲ್ಲ. ಕರ್ನಾಟಕದವರೇ ಆದ ಜಾಫರ್ ಶರೀಫರು ರೇಲ್ವೆ ಮಂತ್ರಿಗಳಾಗಿದ್ದಾಗ, 1992ರಲ್ಲಿ, ದೇಶದ ಸಣ್ಣ ಹಳಿಗಳನ್ನೆಲ್ಲ ದೊಡ್ಡವನ್ನಾಗಿ ಮಾಡುವ ಯೋಜನೆ ಹೊರಟಿತು. ನಮ್ಮ ದಾರಿಯ ಪಾಲು ಪೂರ್ತಿಯಾಗಲು ಈ ಶತಮಾನದ ಮೊದಲ ದಶಕ ಮುಗಿಯುತ್ತ ಬಂತು. ಅಂದರೆ ಒಂದು ಉಳಿತಾಯದ ನಿರ್ಧಾರದ ಬೆಲೆಯನ್ನು ನಮ್ಮ ಜನ ಸುಮಾರು ನೂರಿಪ್ಪತ್ತೈದು ವರ್ಷ ಕೊಟ್ಟರು. ಇಂದು ಮೈಸೂರಿನಿಂದ ಹೊರಡುವ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಗಾಡಿ ಬದಾಮಿ, ಬಾಗಲಕೋಟೆಗಳ ಮೇಲೆ ನೇರವಾಗಿ ಸೊಲ್ಲಾಪುರ ದಾಟಿ ಹೋಗುತ್ತದೆ. ಇದು ಸಂತೋಷದ ಸಂಗತಿ.

ಆದರೆ ಮಾಲಿನ ಮಾತೇನು? ವಿಜಾಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಎದ್ದುನಿಂತಿತು. ಅದಕ್ಕೆ ಕಲ್ಲಿದ್ದಲು ಬೇಕು. ಕಲ್ಲಿದ್ದಲಿಗೆ ಹಳಿ ಬೇಕು. ಹೊಟಗಿಯಿಂದ ಗದಗಿನ ವರೆಗೆ ಜೋಡಿಹಳಿ ಮಾಡುವ ಕೆಲಸ ಕೈಗೊಂಡಾಗ ಹೊಟಗಿ–ಕೂಡಗಿ ನಡುವಿನ ಪಾಲಿನ ಖರ್ಚನ್ನು ವಿದ್ಯುತ್ ನಿಗಮವೇ ಹೊತ್ತುಕೊಂಡಿತು. ದೊಡ್ಡ ಗಿರಾಕಿ ಕೇಳಿದಾಗ ಹಳಿ ಒಂದಕ್ಕೆ ಎರಡಾಗುತ್ತದೆಂಬುದನ್ನು ಕಣ್ಣಾರೆ ಕಂಡೆವು. ಜೋಡಿಹಳಿಯಿಂದ ಪ್ಯಾಸೆಂಜರ್ ಗಾಡಿಗಳಿಗೂ ಅನುಕೂಲವಿದೆ. ಎದುರು ಗಾಡಿಗಾಗಿ ಕಾಯುವುದು ತಪ್ಪುತ್ತದೆ. ನಾವು ಬೇಡವೆನ್ನುವುದಿಲ್ಲ. ನಾವು ಕೇಳುವುದು, ಕಲ್ಲಿದ್ದಲಿಗೆ ಸಿಕ್ಕ ಈ ಮರ್ಯಾದೆ ಕಾಳಿಗೆ, ನೂಲಿಗೆ, ಸೀರೆಗೆ ಯಾವಾಗ ಸಿಕ್ಕುತ್ತದೆ ಎಂದು.

ಹಿಂದಿನ ಕಾಲದಲ್ಲಿ ಸಣ್ಣ ವ್ಯಾಪಾರಿ ಹತ್ತು ಚೀಲ ಮೆಣಸಿನಕಾಯಿಯನ್ನೋ ನಾಲ್ಕು ಪೆಂಡಿ ನೂಲನ್ನೋ ಸ್ಟೇಶನ್ನಿನ ಮಾಲಿನ ಕಚೇರಿಗೆ ಒಯ್ದು ಬುಕ್ ಮಾಡಿಸಿ ರಸೀದಿ ತರುತ್ತಿದ್ದ. ಹಲವರ ಮಾಲು ಒಂದೇ ವ್ಯಾಗನ್ನಿನಲ್ಲಿ ಕೂಡಿ ಹೋಗುತ್ತಿತ್ತು. 1980ರ ದಶಕದಿಂದೀಚೆಗೆ ರೇಲ್ವೆಯವರು ಈ ಪದ್ಧತಿಯನ್ನು ಮೆಲ್ಲಮೆಲ್ಲನೆ ಕೈಬಿಟ್ಟರು. ಈಗಿನ ಮಾಲುಗಾಡಿಯ ಲೆಕ್ಕವೆಲ್ಲ ರೇಕಿನದು. ಕಲ್ಲಿದ್ದಲಿನ ಒಂದು ರೇಕು ಎಂದರೆ ಐವತ್ತೆಂಟು ವ್ಯಾಗನ್ನು, ನಾಲ್ಕು ಸಾವಿರ ಟನ್ನಿನ ಆಸುಪಾಸು ಮಾಲು. ಬಾಗಲಕೋಟೆ ಪೇಟೆಯ ಯಾವ ಚಿಲ್ಲರೆ ವ್ಯಾಪಾರಿ ನಾಲ್ಕು ಸಾವಿರ ಟನ್ನು ತುಂಬಿಸಿಯಾನು? ಇಡೀ ಇಳಕಲ್ಲಿನ ನೇಕಾರರು ವರ್ಷಾನುಗಟ್ಟಲೆ ನೇಯ್ದರೂ ಒಂದು ರೇಕು ತುಂಬಲಿಕ್ಕಿಲ್ಲ. ಉಳಿದದ್ದು ಪ್ರವಾಸಿ ಗಾಡಿಗಳ ಪಾರ್ಸೆಲ್ ಡಬ್ಬಿ. ಅದೂ ಗಾಡಿ ಸಾಕಷ್ಟು ಹೊತ್ತು ನಿಂತ ಕಡೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಸಿಮೆಂಟಿನ ಧಣಿಗೆ, ಕಲ್ಲಿದ್ದಲಿನ ಧಣಿಗೆ ಸೈಡಿಂಗು ಇದೆ. ನಾಲ್ಕು ಪೆಂಡಿಯವನಿಗೆ ಲಾರಿಯೇ ಗತಿ.

ದರದ ಮಾತು

ಮೂರನೆಯದು ದರ. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕ ರೋಗದ ಕಾರಣದಿಂದ ದೇಶದ ಪ್ರವಾಸಿ ಗಾಡಿಗಳೆಲ್ಲ ನಿಂತವು. ನಿಲ್ಲಿಸಿದ್ದು ಅವಶ್ಯವಿತ್ತು. ಆದರೆ ಮರಳಿ ಬಿಟ್ಟಾಗ ಹಳೆಯ ಪ್ಯಾಸೆಂಜರ್ ಗಾಡಿಗಳಿಗೆ ‘ಸ್ಪೆಶಲ್’, ‘ಎಕ್ಸ್‌ಪ್ರೆಸ್’ ಎಂಬ ಹೊಸ ಹೆಸರು ಹಚ್ಚಿದರು. ಅದೇ ಡಬ್ಬಿ, ಅದೇ ನಡಿಗೆ, ಅವೇ ಸ್ಟೇಶನ್ನುಗಳು. ಹತ್ತು ರೂಪಾಯಿ ಇದ್ದ ಕನಿಷ್ಠ ದರ ಮಾತ್ರ ಮೂವತ್ತಾಯಿತು. ಬದಾಮಿಯಿಂದ ಗದಗಿನ ಪೇಟೆಗೆ ಹೋಗುವ ಕಾಯಿಪಲ್ಲೆಯವಳಿಗೆ, ಹೊಳೆಆಲೂರಿನಿಂದ ಕಾಲೇಜಿಗೆ ಹೋಗುವ ಹುಡುಗನಿಗೆ ಇದು ಸಣ್ಣ ಮಾತೇ? ಜನ ಗಲಾಟೆ ಮಾಡಿದರು, ಅರ್ಜಿ ಬರೆದರು. ಕೊನೆಗೆ 2024ರ ಫೆಬ್ರುವರಿಯಲ್ಲಿ ಲೋಕಸಭೆಯ ಚುನಾವಣೆ ಬಾಗಿಲಿಗೆ ಬಂದಾಗ ಹಳೆಯ ದರ ಮರಳಿ ಬಂತು. ಅಷ್ಟರಲ್ಲಿ ಬಡವರ ಜೇಬಿನಿಂದ ಹೋದದ್ದು ಹೋಯಿತು. ಹಿರಿಯ ನಾಗರಿಕರ ರಿಯಾಯಿತಿಯನ್ನೂ ಅದೇ 2020ರಲ್ಲಿ ತೆಗೆದರು.

ಇಂಥ ನಿರ್ಧಾರಗಳು ಎಲ್ಲಿ ಆಗುತ್ತವೆ? 1924ರಿಂದ ರೇಲ್ವೆಗೆ ಬೇರೆಯೇ ಮುಂಗಡಪತ್ರವಿತ್ತು. ವರ್ಷಕ್ಕೊಮ್ಮೆಯಾದರೂ ಪಾರ್ಲಿಮೆಂಟಿನಲ್ಲಿ ಯಾವ ದಾರಿಗೆ ಎಷ್ಟು ಹಣ, ಯಾವ ದರ ಏರಿತು ಎಂದು ಬಾಯಿಬಿಟ್ಟು ಹೇಳಲೇಬೇಕಾಗಿತ್ತು. 2017ರಲ್ಲಿ ಅದನ್ನು ಸಾಮಾನ್ಯ ಮುಂಗಡಪತ್ರದಲ್ಲಿ ಕೂಡಿಸಿಬಿಟ್ಟರು. ಅಂದಿನಿಂದ ನಮ್ಮಂಥ ಊರಿನ ಹಳಿಯ ಮಾತು ಕಾಗದದ ಒಂದು ಮೂಲೆಯ ಅಂಕೆಯಾಗಿದೆ.

ಇಲ್ಲಿಯೇ ರೇಲ್ವೆಯ ಕೆಲಸಗಾರರ ಮಾತನ್ನೂ ಹೇಳಬೇಕು. ಹಳಿಯನ್ನು ಬಿಸಿಲಲ್ಲಿ ನಡೆದು ಕಾಯುವವನು ಗ್ಯಾಂಗ್‌ಮನ್. 1974ರ ಮೇ 8ರಿಂದ 27ರ ವರೆಗೆ ದೇಶದ ರೇಲ್ವೆ ಕೆಲಸಗಾರರು ಜಾರ್ಜ್ ಫರ್ನಾಂಡಿಸರ ಮುಂದಾಳುತನದಲ್ಲಿ ಮುಷ್ಕರ ಹೂಡಿದಾಗ ಸರಕಾರ ಅವರನ್ನು ಸೆರೆಮನೆಗೆ ತುಂಬಿತು, ಎಷ್ಟೋ ಮಂದಿಯನ್ನು ವಸತಿಗಳಿಂದ ಹೊರಹಾಕಿತು. ಹಳಿಯ ಮೇಲೆ ದುಡಿಯುವವನೂ ಹಳಿಗಾಗಿ ಕಾಯುವವನೂ ಬೇರೆ ಬೇರೆ ಪಕ್ಷದವರಲ್ಲ. ನಮ್ಮ ಬೇಡಿಕೆಯಲ್ಲಿ ಅವರ ಕೂಲಿಯ ಮಾತೂ ಸೇರಿರಬೇಕು.

ಎರಡು ಆಕ್ಷೇಪಣೆಗಳು

ನಮ್ಮಲ್ಲಿಯೇ ಕೆಲವರು ಕೇಳುತ್ತಾರೆ: ಬಸ್ಸುಗಳಿವೆಯಲ್ಲ, ರೇಲ್ವೆ ಏತಕ್ಕೆ? 2023ರಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟೂ ಇಲ್ಲ. ಹೌದು, ಅದು ಒಳ್ಳೆಯದಾಯಿತು. ಆದರೆ ಬಸ್ಸು ನೂಲಿನ ಅಂಡಿಗೆಯನ್ನೂ ಗ್ರಾನೈಟಿನ ಬಂಡೆಯನ್ನೂ ಒಯ್ಯುವುದಿಲ್ಲ. ಲಾರಿಗೆ ಬೇಕಾದ ಎಣ್ಣೆಯ ಎಷ್ಟೋ ಕಡಿಮೆ ಪಾಲಿನಲ್ಲಿ ಹಳಿಯ ಮೇಲೆ ಒಂದು ಟನ್ನು ಮಾಲನ್ನು ಎಳೆಯಬಹುದು. ಇನ್ನು ಮಳೆ ಹೋದ ವರ್ಷ ಹುನಗುಂದ, ಬದಾಮಿ ತಾಲೂಕುಗಳಿಂದ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳನ್ನು ನೋಡಿರಿ. ಗಂಟುಮೂಟೆ, ಕೂಸುಕುನ್ನಿಗಳೊಂದಿಗೆ ಬಾಡಿಗೆಯ ಜೀಪಿನಲ್ಲಿ ರಾತ್ರಿಯೆಲ್ಲ ಇಕ್ಕಟ್ಟಿನಲ್ಲಿ ಹೋಗುತ್ತಾರೆ. ಬರದ ರಕ್ಷಣೆಗೆಂದು ಹಾಕಿದ ಹಳಿ ಇಂದಿಗೂ ಬರದಿಂದ ಓಡುವವನಿಗೆ ಸಮೀಪವಾಗಿಲ್ಲ.

ಎರಡನೆಯ ಆಕ್ಷೇಪಣೆ ರೈತರದು: ಹಳಿ ಬಂದರೆ ನಮ್ಮ ಹೊಲ ಹೋಗುತ್ತದಲ್ಲ? ಇದು ಅಡ್ಡಮಾತಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ, ಹೊಲ, ಗುಡಿ ಮುಳುಗಿಸಿಕೊಂಡು ನವನಗರಕ್ಕೆ ಬಂದ ಬಾಗಲಕೋಟೆಯ ಜನಕ್ಕೆ ಸರಕಾರದ ಪರಿಹಾರವೆಂದರೆ ಏನೆಂಬುದು ಗೊತ್ತು. ಆದ್ದರಿಂದ ನಾವು ಹೇಳುವುದು ಇಷ್ಟು: ಹೊಲದಲ್ಲಿ ಗೂಟ ಬಡಿಯುವ ಮೊದಲು ಹಣ ರೈತನ ಕೈಗೆ ಬರಬೇಕು. ಹೊಲ ಇಲ್ಲದೆ ಅದೇ ಹೊಲದಲ್ಲಿ ದುಡಿಯುವ ಕೂಲಿಕಾರನನ್ನೂ ಲೆಕ್ಕಕ್ಕೆ ಹಿಡಿಯಬೇಕು. ರೈತನನ್ನು ಅಳಿಸಿ ತಂದ ಹಳಿ ನೇಕಾರನಿಗೆ ಬೇಡ.

ಈಗ ಏನು ಮಾಡತಕ್ಕದ್ದು

ಬಂಧುಗಳೇ, ಬಾಗಲಕೋಟೆಯಿಂದ ಕುಡಚಿಗೆ 142 ಕಿಲೋಮೀಟರಿನ ಹೊಸ ದಾರಿಗೆ 2010–11ರಲ್ಲಿ ಮಂಜೂರಾತಿ ಸಿಕ್ಕಿತು. ಅರ್ಧ ಖರ್ಚು ರಾಜ್ಯದ್ದು, ಭೂಮಿ ಪುಕ್ಕಟೆ ಎಂಬ ಕರಾರು. ಕಲಾದಗಿಯ ಮಗ್ಗುಲಿನ ಖಜ್ಜಿಡೋಣಿಯ ವರೆಗಿನ ಮೊದಲ ಮೂವತ್ತು ಕಿಲೋಮೀಟರಿನಷ್ಟು ಹಳಿ ಬೀಳಲಿಕ್ಕೇ ವರ್ಷಗಳು ಹಿಡಿದವು. ಜಿಲ್ಲೆಯ ಪಟ್ಟ ಕಳೆದುಕೊಂಡ ಕಲಾದಗಿಗೆ ಹಳಿಯ ಸಪ್ಪಳ ಕೇಳಲು ನೂರಮೂವತ್ತು ವರ್ಷ ಬೇಕಾದವು.

ಇತ್ತ ಪೂರ್ವಕ್ಕೆ ನೋಡಿರಿ. ಗದಗ–ವಾಡಿ ದಾರಿಯ ಯೋಜನೆ 257 ಕಿಲೋಮೀಟರಿನದು, 2013–14ರಲ್ಲಿ ಮಂಜೂರಾದದ್ದು. ಅದರಲ್ಲಿ ತಳಕಲ್ಲಿನಿಂದ ಕುಷ್ಟಗಿಯ ವರೆಗಿನ ಹಳಿ ಮುಗಿದು, 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿ–ಕುಷ್ಟಗಿ ಗಾಡಿ ಹೊರಟಿತು. ಕುಷ್ಟಗಿ ಇಳಕಲ್ಲಿಗೆ ನೆರೆಮನೆ, ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಒಂದು ಕಾಲಕ್ಕೆ ಈ ಎರಡು ಊರುಗಳ ನಡುವೆ ಗಡಿಯಿತ್ತು. ಅತ್ತ ನಿಜಾಮರ ರಾಜ್ಯ, ಇತ್ತ ಮುಂಬಯಿ ಇಲಾಖೆ. 1956ರ ನವೆಂಬರ್ 1ರಂದು ಆ ಗಡಿ ಅಳಿಯಿತು. ಹಳಿ ಮಾತ್ರ ಇನ್ನೂ ಆ ಗೆರೆಯನ್ನು ದಾಟಿಲ್ಲ. ಕುಷ್ಟಗಿಯಿಂದ ಇಳಕಲ್ಲು, ಹುನಗುಂದಗಳ ಮೇಲೆ ಆಲಮಟ್ಟಿಗೋ ಬಾಗಲಕೋಟೆಗೋ ಹಳಿ ಕೂಡಿದರೆ ಸೆರಗೂ ಒಡಲೂ ಕೂಡಿದಂತೆ. ಬರಿಯ ಒಡಲನ್ನು ಸೀರೆಯೆಂದು ಯಾರೂ ಕೊಳ್ಳುವುದಿಲ್ಲ.

ಆದ್ದರಿಂದ ಈ ಸಭೆಯ ಮುಂದೆ ನಾವು ನಾಲ್ಕು ಬೇಡಿಕೆಗಳನ್ನು ಇಡುತ್ತೇವೆ.

ಮೊದಲನೆಯದು, ನಾಳೆಯೇ ಆಗಬಹುದಾದದ್ದು. ಕುಷ್ಟಗಿ, ಬಾಗಲಕೋಟೆ, ಬದಾಮಿ ಸ್ಟೇಶನ್ನುಗಳಿಗೆ ಗಾಡಿ ಬರುವ ವೇಳೆಗೆ ಸರಿಯಾಗಿ ಇಳಕಲ್ಲು, ಹುನಗುಂದ, ಗುಳೇದಗುಡ್ಡಗಳಿಂದ ಬಸ್ಸು ಇರಬೇಕು. ಇಳಕಲ್ಲಿನ ಬಸ್ಸು ವಾಯವ್ಯ ಸಾರಿಗೆಯದು, ಕುಷ್ಟಗಿಯದು ಕಲ್ಯಾಣ ಕರ್ನಾಟಕ ಸಾರಿಗೆಯದು. ಎರಡು ಸಂಸ್ಥೆಗಳು ಕೂಡಿ ಕುಳಿತು ಒಂದು ವೇಳಾಪಟ್ಟಿ ಬರೆಯಲು ದಿಲ್ಲಿಯ ಅಪ್ಪಣೆ ಬೇಕಾಗಿಲ್ಲ.

ಎರಡನೆಯದು, ಬಾಗಲಕೋಟೆ ಮತ್ತು ಕುಷ್ಟಗಿ ಸ್ಟೇಶನ್ನುಗಳಲ್ಲಿ ಚಿಲ್ಲರೆ ಮಾಲಿಗೆಂದು ಪಾರ್ಸೆಲ್ ಕಚೇರಿ, ಮಳೆ ತಾಗದ ಗೋದಾಮು, ಮಾಲು ಏರಿಸುವಷ್ಟು ಹೊತ್ತು ಗಾಡಿಯ ನಿಲುಗಡೆ. ನೇಕಾರರ ಸಹಕಾರಿ ಸಂಘಗಳೂ ಸಣ್ಣ ವ್ಯಾಪಾರಸ್ಥರೂ ಕೂಡಿ ಪಾರ್ಸೆಲ್ ಡಬ್ಬಿ ತುಂಬುವ ಏರ್ಪಾಟು ಮಾಡಿಕೊಳ್ಳಬೇಕು. ಇದು ನಾವು ಮಾಡಬೇಕಾದ ಕೆಲಸ. ಒಬ್ಬನ ನಾಲ್ಕು ಪೆಂಡಿಗೆ ಬೆಲೆಯಿಲ್ಲ. ನೂರು ಜನರ ನಾನೂರು ಪೆಂಡಿಯನ್ನು ಯಾವ ಸ್ಟೇಶನ್ ಮಾಸ್ತರರೂ ಒಲ್ಲೆನೆನ್ನಲಾರರು.

ಮೂರನೆಯದು, ಬೆಳಿಗ್ಗೆ ಒಂದು, ಸಂಜೆ ಒಂದು, ಎಲ್ಲ ಸಣ್ಣ ಸ್ಟೇಶನ್ನುಗಳಲ್ಲಿ ನಿಲ್ಲುವ ಪ್ಯಾಸೆಂಜರ್ ಗಾಡಿ, ಸಾಮಾನ್ಯ ದರದಲ್ಲಿ. ಹೆಸರು ಬದಲಿಸಿ ದರ ಏರಿಸುವ ಚಮತ್ಕಾರ ಮತ್ತೆ ನಡೆಯಕೂಡದು.

ನಾಲ್ಕನೆಯದು, ಹುನಗುಂದ–ಇಳಕಲ್ಲುಗಳ ಮೇಲೆ ಹೊಸ ಹಳಿ. ಅದರ ನಕಾಶೆ ಬರೆಯುವಾಗಲೇ ಸ್ಟೇಶನ್ನು ಊರಿಗೆ ಹತ್ತಿರವಿರಬೇಕು. ಕಲ್ಲುಗಣಿಯ ಧಣಿಯ ಸೈಡಿಂಗಿನ ಜೊತೆಗೆ ಸಾಮಾನ್ಯರ ಮಾಲಿನ ಕಟ್ಟೆಯೂ ಇರಬೇಕು. ಇನ್ನೂ ನೂರು ವರ್ಷ ‘ಇಳಕಲ್ಲು ರೋಡ್’ ಎಂಬ ಹಲಗೆಯನ್ನು ನೋಡುತ್ತ ಕೂಡ್ರಲು ನಮಗೆ ಇಷ್ಟವಿಲ್ಲ.

ಚುನಾವಣೆಗೊಮ್ಮೆ ಒಬ್ಬರು ಬಂದು ಸಮೀಕ್ಷೆಯಾಯಿತೆನ್ನುತ್ತಾರೆ, ಇನ್ನೊಬ್ಬರು ಬಂದು ಪತ್ರ ಬರೆದೆನೆನ್ನುತ್ತಾರೆ. ಸಮೀಕ್ಷೆಯ ಗೂಟಕ್ಕೆ ಆಡು ಕಟ್ಟಬಹುದು, ಗಾಡಿ ಬರುವುದಿಲ್ಲ. ಮುಂದಿನ ಸಲ ಮತ ಕೇಳಲು ಬಂದವರಿಗೆ, ಅವರು ಯಾವ ಪಕ್ಷದವರೇ ಇರಲಿ, ಈ ನಾಲ್ಕು ಮಾತುಗಳನ್ನು ಒಂದೊಂದಾಗಿ ಕೇಳಿರಿ. ಎಷ್ಟು ಹಣ, ಯಾವ ವರ್ಷ, ಯಾರ ಹೊಲ, ಯಾರ ಮಾಲು ಎಂದು ಕೇಳಿರಿ. ಉತ್ತರ ಬರೆಯಿಸಿಕೊಳ್ಳಿರಿ. ನೇಕಾರರ ಓಣಿ, ಹಮಾಲರ ಕಟ್ಟೆ, ಗಿರಣಿಯ ಬಾಗಿಲು, ಸಂತೆಯ ಅಂಗಡಿಸಾಲು, ಈ ನಾಲ್ಕೂ ಕಡೆ ಸಹಿ ಕೂಡಿಸುವ ಕೆಲಸ ಈ ವಾರವೇ ಸುರುವಾಗಲಿ. ಹೆಬ್ಬೆಟ್ಟಿನ ಗುರುತೂ ಸಹಿಯೇ. ಕಾಗದಗಳನ್ನು ಹುಬ್ಬಳ್ಳಿಯ ಮುಖ್ಯ ಕಚೇರಿಗೆ ಒಯ್ಯಲು ನಾವೆಲ್ಲ ಕೂಡಿಯೇ ಹೋಗೋಣ. ಕುಷ್ಟಗಿಯಲ್ಲಿ ಗಾಡಿ ಹತ್ತೋಣ, ಟಿಕೆಟ್ಟು ತೆಗೆಸಿಯೇ ಹತ್ತೋಣ.